ಯಾರು ಆ ‘ಹಿ’, ಯಾವುದು ಆ ‘ಇಟ್’?

ಇಂಗ್ಲಿಷ್ ವಾಕ್ಯಗಳಲ್ಲಿ ಸರ್ವನಾಮದ ಗೊಂದಲ: ದತ್ತಿ ಉಪನ್ಯಾಸದ ಮುದ್ರಿತ ಪಠ್ಯ



1952ರ ನವೆಂಬರ್ 2, ಭಾನುವಾರ ರಾತ್ರಿ. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನಲ್ಲಿ ಇಬ್ಬರು ಹುಡುಗರು ಕಳ್ಳತನಕ್ಕೆಂದು ಗೋದಾಮೊಂದರ ಮಾಡು ಹತ್ತಿದರು. ಕ್ರಿಸ್ಟೋಫರ್ ಕ್ರೇಗ್‌ಗೆ 16 ವರ್ಷ. ಅವನ ಬಳಿ ರಿವಾಲ್ವರ್ ಇತ್ತು. ಡೆರೆಕ್ ಬೆಂಟ್ಲಿಗೆ 19. ಸುದ್ದಿ ತಿಳಿದು ಪೊಲೀಸರು ಬಂದರು. ಪತ್ತೇದಾರ ಫ್ರೆಡರಿಕ್ ಫೇರ್‌ಫ್ಯಾಕ್ಸ್ ಮೇಲೇರಿ ಬೆಂಟ್ಲಿಯನ್ನು ಹಿಡಿದರು. ಆಗ ಬೆಂಟ್ಲಿ ತನ್ನ ಗೆಳೆಯನಿಗೆ ‘ಲೆಟ್ ಹಿಮ್ ಹ್ಯಾವ್ ಇಟ್, ಕ್ರಿಸ್’ ಎಂದು ಕೂಗಿದ ಎಂಬುದು ಪೊಲೀಸರ ಸಾಕ್ಷ್ಯ. ಕ್ರೇಗ್ ಗುಂಡು ಹಾರಿಸಿದ, ಫೇರ್‌ಫ್ಯಾಕ್ಸ್ ಗಾಯಗೊಂಡರು. ಬಳಿಕ ಮಾಡಿಗೆ ಬಂದ ಕಾನ್‌ಸ್ಟೇಬಲ್ ಸಿಡ್ನಿ ಮೈಲ್ಸ್ ಕ್ರೇಗ್‌ನ ಗುಂಡಿಗೆ ಬಲಿಯಾದರು.

ಆ ಕೂಗಿನಲ್ಲಿರುವ ‘ಹಿಮ್’ ಯಾರೆಂಬುದು ಸ್ಪಷ್ಟ. ಅದು ಪೊಲೀಸ್ ಅಧಿಕಾರಿ. ತೊಡಕಿರುವುದು ‘ಇಟ್’ನಲ್ಲಿ. ಅದು ಕ್ರೇಗ್‌ನ ಕೈಯಲ್ಲಿದ್ದ ರಿವಾಲ್ವರನ್ನು ಸೂಚಿಸುವುದಾದರೆ ‘ಅದನ್ನು ಅವರಿಗೆ ಕೊಟ್ಟುಬಿಡು’ ಎಂದಾಗುತ್ತದೆ. ಇಂಗ್ಲಿಷಿನ ಆಡುಮಾತಿನ ನುಡಿಗಟ್ಟೆಂದು ಹಿಡಿದರೆ ‘ಹೊಡೆ, ಬಿಡಬೇಡ’ ಎಂದಾಗುತ್ತದೆ. ಆ ನುಡಿಗಟ್ಟಿನ ‘ಇಟ್’ ಯಾವ ವಸ್ತುವನ್ನೂ ಸೂಚಿಸುವುದಿಲ್ಲ. ಹೀಗೆ ಅದೇ ಮಾತು ಒಂದು ಕಡೆ ಶರಣಾಗತಿ, ಇನ್ನೊಂದು ಕಡೆ ಕೊಲೆಗೆ ಪ್ರಚೋದನೆ.

ಆ ಮಾತು ಆಡಿಯೇ ಇಲ್ಲವೆಂದು ಇಬ್ಬರೂ ನ್ಯಾಯಾಲಯದಲ್ಲಿ ಹೇಳಿದರು. ವಯಸ್ಸು ಚಿಕ್ಕದಾದ್ದರಿಂದ ಕ್ರೇಗ್ ಗಲ್ಲಿನಿಂದ ಪಾರಾದ. ಗುಂಡು ಹಾರಿಸದ ಬೆಂಟ್ಲಿಗೆ 1953ರ ಜನವರಿ 28ರಂದು ಗಲ್ಲಾಯಿತು. 45 ವರ್ಷಗಳ ಬಳಿಕ, 1998ರ ಜುಲೈ 30ರಂದು, ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಒಂದು ಸರ್ವನಾಮವೇ ಆ ಯುವಕನನ್ನು ಕೊಂದಿತೆನ್ನುವುದು ಸರಿಯಲ್ಲ. ಪ್ರಕರಣದಲ್ಲಿ ಬೇರೆ ಸಂಗತಿಗಳೂ ಇದ್ದವು. ಆದರೆ ‘ಇಟ್’ ಎಂದರೇನು ಎಂಬ ಪ್ರಶ್ನೆ ಬ್ರಿಟನ್ನಿನಲ್ಲಿ ದಶಕಗಳ ಕಾಲ ಜೀವಂತವಾಗಿತ್ತು.

ಬೆಂಟ್ಲಿಗೆ ಗಲ್ಲಾದಾಗ ಬ್ರಿಟನ್ನಿನಲ್ಲಿ ಮರಣದಂಡನೆಯನ್ನು ಕುರಿತ ರಾಯಲ್ ಕಮಿಷನ್ ಕೆಲಸ ಮಾಡುತ್ತಿತ್ತು. ಅದರ ಅಧ್ಯಕ್ಷರು ಸರ್ ಅರ್ನೆಸ್ಟ್ ಗೋವರ್ಸ್. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ನಾಗರಿಕ ರಕ್ಷಣೆಯ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿ. ಇಂಗ್ಲಿಷ್ ಬರೆಯುವವರಿಗೆ ಅವರ ಪರಿಚಯ ಇನ್ನೊಂದು ದಾರಿಯಲ್ಲಿ. ಸರ್ಕಾರಿ ನೌಕರರು ಜನರಿಗೆ ತಿಳಿಯುವಂತೆ ಬರೆಯಲೆಂದು ಬ್ರಿಟಿಷ್ ಹಣಕಾಸು ಇಲಾಖೆ ಕೇಳಿಕೊಂಡಾಗ ಅವರು 1948ರಲ್ಲಿ ‘ಪ್ಲೇನ್ ವರ್ಡ್ಸ್’ ಎಂಬ ಕಿರುಹೊತ್ತಿಗೆ ಬರೆದರು. 1954ರಲ್ಲಿ ಅದು ‘ದಿ ಕಂಪ್ಲೀಟ್ ಪ್ಲೇನ್ ವರ್ಡ್ಸ್’ ಆಗಿ ಬೆಳೆಯಿತು. ಸರ್ವನಾಮಗಳು ತರುವ ತೊಂದರೆಗೆ ಅಲ್ಲಿ ಪ್ರತ್ಯೇಕ ಭಾಗವೇ ಇದೆ.

ಗೋವರ್ಸ್ ಬಳಸಿಕೊಂಡ ಪ್ರಸಿದ್ಧ ಉದಾಹರಣೆಯೊಂದು ತಾಯಂದಿರಿಗೆ ಕೊಟ್ಟ ಸಲಹೆಯ ರೂಪದಲ್ಲಿದೆ: ಹಸಿ ಹಾಲು ಮಗುವಿಗೆ ಒಗ್ಗದಿದ್ದರೆ ಅದನ್ನು ಕುದಿಸಬೇಕು. ‘ಅದನ್ನು’ ಎಂದರೆ ಹಾಲನ್ನು ಎಂದು ಎಲ್ಲರಿಗೂ ಗೊತ್ತು. ಆದರೆ ಅದನ್ನು ತಿಳಿಸಿದ್ದು ವಾಕ್ಯವಲ್ಲ, ಓದುವವರ ಲೋಕಜ್ಞಾನ. ವಾಕ್ಯರಚನೆಯ ಪ್ರಕಾರ ಮಗುವಿಗೂ ಆ ಸ್ಥಾನಕ್ಕೆ ಅಷ್ಟೇ ಹಕ್ಕಿದೆ. ಕನ್ನಡದಲ್ಲಿಯೂ ಮಗು ನಪುಂಸಕಲಿಂಗವಾದ್ದರಿಂದ ತೊಡಕು ಹಾಗೆಯೇ ಉಳಿಯುತ್ತದೆ. ಇಲ್ಲಿ ಓದುಗರ ತಿಳಿವಳಿಕೆ ವಾಕ್ಯವನ್ನು ಕಾಪಾಡಿತು. ಔಷಧದ ಚೀಟಿ, ಯಂತ್ರದ ಕೈಪಿಡಿ, ಬಾಡಿಗೆ ಕರಾರು, ವಿಮಾ ಪಾಲಿಸಿ ಇಂಥ ಬರಹಗಳಲ್ಲಿ ಓದುಗರಿಗೆ ಆ ತಿಳಿವಳಿಕೆ ಮೊದಲೇ ಇರುವುದಿಲ್ಲ. ಅದಕ್ಕಾಗಿಯೇ ಅವರು ಓದುತ್ತಿರುತ್ತಾರೆ.

ಓದುವ ಮನಸ್ಸು ‘ಹಿ’ ಅಥವಾ ‘ಶಿ’ ಯಾರೆಂದು ಹುಡುಕುವ ಬಗೆಯನ್ನು ಭಾಷಾವಿಜ್ಞಾನಿಗಳು ದೀರ್ಘಕಾಲ ಪರೀಕ್ಷಿಸಿದ್ದಾರೆ. ಮೊದಲ ಸುಳಿವು ಲಿಂಗ ಮತ್ತು ವಚನ. ವಾಕ್ಯದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಇದ್ದರೆ ಕಷ್ಟವಿಲ್ಲ. ಎರಡನೆಯ ಸುಳಿವು ವಾಕ್ಯದಲ್ಲಿ ನಾಮಪದದ ಸ್ಥಾನ: ಇಬ್ಬರು ಗಂಡಸರಿದ್ದರೆ ಓದುಗರು ಸಾಮಾನ್ಯವಾಗಿ ವಾಕ್ಯದ ಕರ್ತೃವಿನ ಕಡೆ ವಾಲುತ್ತಾರೆ. ಕೆಲವು ಸಲ ಹತ್ತಿರದ ನಾಮಪದದ ಕಡೆ ವಾಲುತ್ತಾರೆ. ಮೂರನೆಯ ಸುಳಿವು ಕ್ರಿಯಾಪದದ ಒಳಗೇ ಇರುತ್ತದೆ. ಕ್ಯಾಥರೀನ್ ಗಾರ್ವಿ ಮತ್ತು ಆಲ್ಫಾನ್ಸೊ ಕಾರಮಾಜಾ 1974ರಲ್ಲಿ ಇದನ್ನು ಎತ್ತಿ ತೋರಿಸಿದರು.

ಕನ್ನಡದಲ್ಲಿಯೇ ಇದನ್ನು ಪರೀಕ್ಷಿಸಬಹುದು. ‘ಮಾಲತಿ ಶಾರದೆಯ ಕ್ಷಮೆ ಕೇಳಿದಳು, ಏಕೆಂದರೆ ಅವಳು...’ ಎಂದು ನಿಲ್ಲಿಸಿದರೆ ಕೇಳುವವರಿಗೆ ‘ಅವಳು’ ಮಾಲತಿಯೇ. ‘ಮಾಲತಿ ಶಾರದೆಯನ್ನು ಹೊಗಳಿದಳು, ಏಕೆಂದರೆ ಅವಳು...’ ಎಂದು ನಿಲ್ಲಿಸಿದರೆ ‘ಅವಳು’ ಶಾರದೆ. ಎರಡರ ರಚನೆಯೂ ಹೆಚ್ಚುಕಡಿಮೆ ಒಂದೇ. ಕ್ಷಮೆ ಕೇಳಲು ಕಾರಣ ಕೇಳಿದವಳಲ್ಲಿ ಇರುತ್ತದೆ, ಹೊಗಳಲು ಕಾರಣ ಹೊಗಳಿಸಿಕೊಂಡವಳಲ್ಲಿ ಇರುತ್ತದೆ ಎಂಬ ಅರಿವು ಉತ್ತರ ಕೊಡುತ್ತದೆ.

ನಾಲ್ಕನೆಯ ಸುಳಿವು ಲೋಕಜ್ಞಾನ. ಇದು ಎಲ್ಲಕ್ಕಿಂತ ಆಳದ್ದು. ಟೆರಿ ವಿನೊಗ್ರಾಡ್ 1972ರಲ್ಲಿ ಒಂದು ಜೋಡಿ ವಾಕ್ಯ ರಚಿಸಿದರು. ನಗರಸಭೆಯ ಸದಸ್ಯರು ಪ್ರತಿಭಟನಾಕಾರರಿಗೆ ಅನುಮತಿ ನಿರಾಕರಿಸುತ್ತಾರೆ. ಕಾರಣವಾಗಿ ‘ದೇ’ ಹಿಂಸೆಗೆ ಹೆದರಿದರು ಎಂದರೆ ‘ದೇ’ ನಗರಸಭೆಯವರು. ‘ದೇ’ ಹಿಂಸೆಯನ್ನು ಪ್ರತಿಪಾದಿಸಿದರು ಎಂದರೆ ‘ದೇ’ ಪ್ರತಿಭಟನಾಕಾರರು. ಒಂದು ಕ್ರಿಯಾಪದ ಬದಲಾದರೆ ಸರ್ವನಾಮದ ಒಡೆಯರೇ ಬದಲಾಗುತ್ತಾರೆ. ಟೊರಾಂಟೊದ ಹೆಕ್ಟರ್ ಲೆವೆಕ್ ಇಂಥ ವಾಕ್ಯಗಳಿಂದಲೇ ಯಂತ್ರದ ಬುದ್ಧಿಯನ್ನು ಅಳೆಯಬೇಕೆಂದು 2011ರಲ್ಲಿ ಸೂಚಿಸಿದರು. 2016ರಲ್ಲಿ ನ್ಯೂಯಾರ್ಕಿನಲ್ಲಿ ಅದರ ಸ್ಪರ್ಧೆ ನಡೆದಾಗ ಅತ್ಯುತ್ತಮ ಕಂಪ್ಯೂಟರ್ ಪ್ರೋಗ್ರಾಂ ಕೂಡ ಶೇಕಡಾ 60ರ ಗಡಿ ಮುಟ್ಟಲಿಲ್ಲ. ಸಾಮಾನ್ಯ ಓದುಗರು ತಡವರಿಸದೆ ಬಿಡಿಸುವ ಕೆಲಸ ಅದು. ಮುಂದಿನ ಕೆಲವೇ ವರ್ಷಗಳಲ್ಲಿ ದೊಡ್ಡ ಭಾಷಾಮಾದರಿಗಳು ಈ ಪರೀಕ್ಷೆಯಲ್ಲಿ ಬಹಳ ಮುಂದೆ ಹೋದವು. ಆದರೂ ಒಂದು ಸಣ್ಣ ‘ದೇ’ಯ ಹಿಂದೆ ಎಷ್ಟು ಲೋಕಜ್ಞಾನ ಬೇಕಾಗುತ್ತದೆ ಎಂಬುದನ್ನು ಆ ಸ್ಪರ್ಧೆ ಚೆನ್ನಾಗಿ ತೋರಿಸಿಕೊಟ್ಟಿತು.

ಬರೆಯುವವರಿಗೆ ಈ ಗೊಂದಲ ಏಕೆ ಕಾಣುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಬರೆಯುವವರಿಗೆ ಯಾರು ಯಾರೆಂದು ಮೊದಲೇ ಗೊತ್ತು. ತಮ್ಮ ‘ಹಿ’ಯನ್ನು ಅವರು ಓದುವುದೇ ಇಲ್ಲ, ಅದರ ಹಿಂದಿನ ಮನುಷ್ಯನನ್ನು ಕಾಣುತ್ತಾರೆ. ಮಾತಿನಲ್ಲಿ ಕೈಸನ್ನೆ, ದನಿಯ ಏರಿಳಿತ, ಎದುರಿಗಿರುವವರ ಮುಖ ಎಲ್ಲವೂ ನೆರವಿಗೆ ಬರುತ್ತವೆ. ಕಾಗದದ ಮೇಲೆ ಅವು ಯಾವುವೂ ಉಳಿಯುವುದಿಲ್ಲ. ಹಾಗಾಗಿ ಸರ್ವನಾಮದ ಹೊಣೆ ಬರೆಯುವವರದು, ಓದುವವರದಲ್ಲ.

ಕನ್ನಡ ಮಾತೃಭಾಷೆಯವರಿಗೆ ಇಲ್ಲೊಂದು ವಿಶೇಷ ಕಷ್ಟವಿದೆ. ಇಂಗ್ಲಿಷಿನಲ್ಲಿ ಇಲ್ಲದ ಸಲಕರಣೆಗಳು ಕನ್ನಡದಲ್ಲಿವೆ. ಅವುಗಳ ಆಸರೆಯಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದಾಗ ಆಸರೆ ಕಳಚಿಹೋಗುತ್ತದೆ. ಮೊದಲನೆಯದು ‘ತಾನು’. ‘ರಮೇಶ ಸುರೇಶನಿಗೆ ತನ್ನ ಸೈಕಲ್ ಕೊಟ್ಟ’ ಎಂದರೆ ಸೈಕಲ್ ರಮೇಶನದು. ‘ಅವನ ಸೈಕಲ್ ಕೊಟ್ಟ’ ಎಂದರೆ ಅದು ಸುರೇಶನದು ಅಥವಾ ಬೇರೊಬ್ಬನದು. ಇಂಗ್ಲಿಷಿನಲ್ಲಿ ಎರಡಕ್ಕೂ ‘ರಮೇಶ್ ಗೇವ್ ಸುರೇಶ್ ಹಿಸ್ ಬೈಸಿಕಲ್’ ಎಂಬ ಒಂದೇ ವಾಕ್ಯ. ಎರಡನೆಯದು ‘ಇವನು–ಅವನು’, ‘ಈಕೆ–ಆಕೆ’ ಎಂಬ ಹತ್ತಿರ–ದೂರದ ಭೇದ. ‘ಇವನು ಬೇಡ ಅಂದ, ಅವನು ಬಿಡಲಿಲ್ಲ’ ಎಂದು ಕಥೆ ಹೇಳುವ ಅಜ್ಜಿಗೆ ಇಬ್ಬರು ಗಂಡಸರನ್ನು ಬೇರೆಬೇರೆ ನಿಲ್ಲಿಸುವುದು ಕಷ್ಟವೇ ಅಲ್ಲ. ಇಂಗ್ಲಿಷಿನ ‘ಹಿ’ಗೆ ಹತ್ತಿರವೂ ಇಲ್ಲ, ದೂರವೂ ಇಲ್ಲ.

ಮೂರನೆಯದು ‘ಎಂದು’. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಕನ್ನಡ ಆ ಮಾತನ್ನು ಇದ್ದಹಾಗೆಯೇ ಎತ್ತಿಕೊಳ್ಳುತ್ತದೆ: ‘ನಾನು ಪಾಸಾದೆ ಎಂದು ರಮೇಶ ಸುರೇಶನಿಗೆ ಹೇಳಿದ’, ‘ನೀನು ಪಾಸಾದೆ ಎಂದು ರಮೇಶ ಸುರೇಶನಿಗೆ ಹೇಳಿದ’. ಯಾರು ಪಾಸಾದರು ಎಂಬುದರಲ್ಲಿ ಸಂಶಯವೇ ಇಲ್ಲ. ಇದನ್ನೇ ಇಂಗ್ಲಿಷಿನ ಇನ್‌ಡೈರೆಕ್ಟ್ ಸ್ಪೀಚಿಗೆ ತಂದರೆ ‘ಐ’ ಮತ್ತು ‘ಯು’ ಎರಡೂ ‘ಹಿ’ ಆಗಿಬಿಡುತ್ತವೆ: ‘ರಮೇಶ್ ಟೋಲ್ಡ್ ಸುರೇಶ್ ದಟ್ ಹಿ ಹ್ಯಾಡ್ ಪಾಸ್ಡ್’. ಪಾಸಾದವನು ಯಾರು?

ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಕಾಲದಿಂದ ಭಾರತದ ಶಾಲೆಗಳಲ್ಲಿ ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟಿಗೆ ಬದಲಿಸುವ ಅಭ್ಯಾಸ ನಡೆದುಬಂದಿದೆ. ಕಾಲ ಬದಲಾಯಿತೇ, ‘ದಟ್’ ಬಂತೇ, ಪುರುಷ ಬದಲಾಯಿತೇ ಎಂದು ನೋಡಿ ಅಂಕ ಕೊಡುತ್ತಾರೆ. ಮೂಲವಾಕ್ಯದಲ್ಲಿ ಸ್ಪಷ್ಟವಾಗಿದ್ದ ಅರ್ಥ ಉತ್ತರದಲ್ಲಿ ಉಳಿಯಿತೇ ಎಂಬುದು ಅಂಕದ ಲೆಕ್ಕಕ್ಕೆ ಬರುವುದು ಕಡಿಮೆ. ನಿಯಮ ಪಾಲಿಸಿದ ವಿದ್ಯಾರ್ಥಿ ಅರ್ಥ ಕಳೆದುಕೊಂಡರೂ ಪೂರ್ಣಾಂಕ ಪಡೆಯುತ್ತಾನೆ. ಮುಂದೆ ಅದೇ ವಿದ್ಯಾರ್ಥಿ ಕಚೇರಿಯ ಟಿಪ್ಪಣಿ, ಪೊಲೀಸ್ ಹೇಳಿಕೆ, ಆಸ್ಪತ್ರೆಯ ವರದಿ ಬರೆಯುವ ಹೊತ್ತಿಗೆ ಆ ಅಭ್ಯಾಸ ಕೈಗೆ ಅಂಟಿಕೊಂಡಿರುತ್ತದೆ.

ಕನ್ನಡ ಎಲ್ಲ ಕಡೆಯೂ ಸುರಕ್ಷಿತವೆಂದು ಇದರರ್ಥವಲ್ಲ. ಗೌರವದ ‘ಅವರು’ ಒಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ. ‘ವೈದ್ಯರು ರೋಗಿಗಳನ್ನು ನೋಡಿದ ಮೇಲೆ ಅವರು ಮನೆಗೆ ಹೋದರು’ ಎಂಬಲ್ಲಿ ಮನೆಗೆ ಹೋದವರು ಯಾರೆಂದು ಹೇಳಲಾಗದು. ಇಂಗ್ಲಿಷಿನಲ್ಲಿ ಒಬ್ಬ ವ್ಯಕ್ತಿಗೆ ‘ದೇ’ ಬಳಸಿದಾಗ ಏಳುವ ತೊಡಕೂ ಇದೇ. ಲಿಂಗ ತಿಳಿಯದ ಅಥವಾ ತಿಳಿಸಬೇಕಿಲ್ಲದ ಒಬ್ಬರಿಗೆ ‘ದೇ’ ಎನ್ನುವ ರೂಢಿ ಇಂಗ್ಲಿಷಿನಲ್ಲಿ 14ನೇ ಶತಮಾನದಿಂದ ಇದೆ. 2019ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಶೈಲಿಪುಸ್ತಕದ ಏಳನೆಯ ಆವೃತ್ತಿ ಅದನ್ನು ಒಪ್ಪಿತು. ಅದೇ ವರ್ಷ ಮೆರಿಯಮ್–ವೆಬ್‌ಸ್ಟರ್ ನಿಘಂಟು ‘ದೇ’ಯನ್ನು ವರ್ಷದ ಪದವಾಗಿ ಆರಿಸಿತು. ಈ ಬಳಕೆ ಮನುಷ್ಯರಿಗೆ ಸಲ್ಲಬೇಕಾದ ಮರ್ಯಾದೆಯದು, ಉಳಿಯಬೇಕಾದದ್ದು. ಅದನ್ನು ಬಳಸುವವರು ಅದೇ ವಾಕ್ಯದಲ್ಲಿ ಇನ್ನೊಂದು ಬಹುವಚನವನ್ನು ತರುವಾಗ ಎಚ್ಚರ ವಹಿಸಿದರೆ ಸಾಕು. ‘ಅವರು’ ಎನ್ನುತ್ತ ಬೆಳೆದ ಕನ್ನಡಿಗರಿಗೆ ಆ ಎಚ್ಚರ ಹೊಸದೇನಲ್ಲ.

ಸರ್ವನಾಮಕ್ಕೆ ಅತಿ ಹೆಚ್ಚು ಬೆಲೆ ತೆರಬೇಕಾಗಿ ಬಂದದ್ದು ಕಾನೂನಿನ ಕ್ಷೇತ್ರದಲ್ಲಿ. ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ರೋಮಿನ ಸಿಸೆರೊ ತರುಣನಾಗಿದ್ದಾಗ ಬರೆದ ಗ್ರಂಥದಲ್ಲಿ ಒಂದು ಉಯಿಲಿನ ಪ್ರಸಂಗವಿದೆ. ತಂದೆ ಮಗನನ್ನು ಉತ್ತರಾಧಿಕಾರಿಯಾಗಿ ಮಾಡಿ, ಇಂತಿಷ್ಟು ತೂಕದ ಬೆಳ್ಳಿ ಪಾತ್ರೆಗಳಲ್ಲಿ ಇಷ್ಟವಾದವನ್ನು ಆತ ತಾಯಿಗೆ ಕೊಡಬೇಕು ಎಂದು ಬರೆದಿಟ್ಟ. ತಾಯಿ ಕುಸುರಿ ಕೆಲಸದ ಅಮೂಲ್ಯ ಪಾತ್ರೆಗಳನ್ನು ಕೇಳಿದಳು. ಮಗ ತನಗೆ ಇಷ್ಟವಾದವನ್ನು ಕೊಟ್ಟರೆ ಸಾಕು ಎಂದ. ಇಷ್ಟ ಯಾರದು? ಲ್ಯಾಟಿನ್ ಕ್ರಿಯಾಪದದಲ್ಲಿ ಕರ್ತೃ ಅಡಗಿತ್ತು. ಕನ್ನಡದ ‘ಇಷ್ಟವಾದವನ್ನು’ ಎಂಬುದರಲ್ಲಿಯೂ ಅಡಗಿಯೇ ಇರುತ್ತದೆ.

ಇದಕ್ಕೆ ಭಾರತದ ನೆಲದಲ್ಲಿಯೇ ಒಂದು ಸೊಗಸಾದ ಪರಿಹಾರ ಸಿಕ್ಕಿತು. ಮೆಕಾಲೆಯ ನೇತೃತ್ವದ ಮೊದಲ ಕಾನೂನು ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿ, 1860ರಲ್ಲಿ ಅಂಗೀಕಾರವಾಗಿ, 1862ರಲ್ಲಿ ಜಾರಿಗೆ ಬಂದ ಭಾರತೀಯ ದಂಡಸಂಹಿತೆ ಹಲವು ಅಪರಾಧಗಳನ್ನು ಸಣ್ಣ ದೃಷ್ಟಾಂತಗಳಿಂದ ವಿವರಿಸುತ್ತಿತ್ತು. ಅಲ್ಲಿ ಪಾತ್ರಗಳ ಹೆಸರು ‘ಎ’, ‘ಬಿ’, ‘ಜೆಡ್’. ಕಳ್ಳತನದ 378ನೇ ಕಲಮಿನ ಮೊದಲ ದೃಷ್ಟಾಂತದಲ್ಲಿ ‘ಎ’ ಎಂಬವನು ‘ಜೆಡ್’ನ ಜಮೀನಿನಲ್ಲಿರುವ ಮರವನ್ನು, ‘ಜೆಡ್’ನ ಸ್ವಾಧೀನದಿಂದ, ‘ಜೆಡ್’ನ ಒಪ್ಪಿಗೆ ಇಲ್ಲದೆ ಒಯ್ಯುವ ಉದ್ದೇಶದಿಂದ ಕಡಿಯುತ್ತಾನೆ. ಒಂದೇ ವಾಕ್ಯದಲ್ಲಿ ‘ಜೆಡ್’ ಮೂರು ಸಲ ಬರುತ್ತದೆ. ಎರಡನೆಯ, ಮೂರನೆಯ ಕಡೆ ‘ಹಿಸ್’ ಎಂದು ಬರೆದಿದ್ದರೆ ವಾಕ್ಯ ಚಿಕ್ಕದಾಗುತ್ತಿತ್ತು. ಮರ ಯಾರ ಸ್ವಾಧೀನದಲ್ಲಿತ್ತು, ಒಪ್ಪಿಗೆ ಯಾರದಿರಬೇಕಿತ್ತು ಎಂಬ ವಾದಕ್ಕೂ ದಾರಿಯಾಗುತ್ತಿತ್ತು. ಈಗಿನ ಭಾರತೀಯ ನ್ಯಾಯಸಂಹಿತೆಯೂ ಕಳ್ಳತನಕ್ಕೆ ಈ ಬಗೆಯ ದೃಷ್ಟಾಂತಗಳನ್ನು ಉಳಿಸಿಕೊಂಡಿದೆ. ಕರ್ನಾಟಕದ ಕ್ರಯಪತ್ರಗಳಲ್ಲಿ ‘ಒಂದನೇ ಪಕ್ಷಕಾರರು’, ‘ಎರಡನೇ ಪಕ್ಷಕಾರರು’, ‘ಸದರಿ ಸ್ವತ್ತು’ ಎಂದು ಮತ್ತೆಮತ್ತೆ ಬರುವುದರ ಹಿಂದೆಯೂ ಇದೇ ಕಾಳಜಿ ಇದೆ.

ಸರ್ವನಾಮ ಯಾರನ್ನೆಲ್ಲ ಒಳಗೊಳ್ಳುತ್ತದೆ ಎಂಬ ಪ್ರಶ್ನೆ ಮಹಿಳೆಯರ ಬದುಕನ್ನೇ ತಟ್ಟಿತು. ದಂಡಸಂಹಿತೆಯ 8ನೇ ಕಲಮು ‘ಹಿ’ ಎಂದರೆ ಗಂಡಸೂ ಹೌದು, ಹೆಂಗಸೂ ಹೌದು ಎಂದು ಹೇಳಿತ್ತು. 1897ರ ಜನರಲ್ ಕ್ಲಾಸಸ್ ಆ್ಯಕ್ಟ್ ಕೂಡ, ಸಂದರ್ಭ ವಿರುದ್ಧವಾಗಿರದಿದ್ದರೆ, ಪುಲ್ಲಿಂಗ ಪದಗಳಲ್ಲಿ ಸ್ತ್ರೀಯರು ಸೇರುತ್ತಾರೆ ಎಂದಿತು. ಹಾಗಿದ್ದರೂ ಕಾನೂನು ಪದವೀಧರೆ ರೆಜಿನಾ ಗುಹ ವಕೀಲಿಕೆಗೆ ಅರ್ಜಿ ಹಾಕಿದಾಗ ಕಲ್ಕತ್ತಾ ಹೈಕೋರ್ಟ್ 1916ರಲ್ಲಿ ತಿರಸ್ಕರಿಸಿತು. ವಕೀಲಿಕೆಯನ್ನು ಕುರಿತ 1879ರ ಕಾಯ್ದೆ ಮಾಡಿದವರ ಮನಸ್ಸಿನಲ್ಲಿ ಗಂಡಸರು ಮಾತ್ರ ಇದ್ದರೆಂಬುದು ಅದರ ನಿಲುವು. ಸುಧಾಂಶುಬಾಲಾ ಹಾಜ್ರಾ ಅವರ ಅರ್ಜಿಗೆ 1921ರಲ್ಲಿ ಪಟ್ನಾ ಹೈಕೋರ್ಟಿನಲ್ಲಿಯೂ ಅದೇ ಗತಿಯಾಯಿತು. ಮಹಿಳೆಯರು ವಕೀಲರಾಗಬಹುದೆಂದು ನೇರವಾಗಿ ಹೇಳಲು 1923ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆ ‘ಹಿ’ಯ ವ್ಯಾಖ್ಯೆಯಲ್ಲಿ ಗಂಡಸು, ಹೆಂಗಸಿನ ಜತೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೂ ಹೆಸರಿಸಿದೆ.

ಬರೆಯುವವರು ಮಾಡಬಹುದಾದದ್ದು ಏನು? ಮೊದಲ ಪರಿಹಾರ ಸರಳವಾದದ್ದು: ಹೆಸರನ್ನು ಮತ್ತೆ ಬರೆಯುವುದು. ಇದಕ್ಕೆ ಅಡ್ಡಿಯಾಗಿರುವುದು ಪುನರುಕ್ತಿಯ ಭಯ. ಒಂದೇ ಪದ ಹತ್ತಿರಹತ್ತಿರ ಎರಡು ಸಲ ಬಂದರೆ ಶೈಲಿ ಕೆಟ್ಟಿತು ಎಂದು ಶಾಲೆಯಲ್ಲಿ ಕಲಿತವರು ‘ಹಿ’ ಹಾಕುತ್ತಾರೆ, ಇಲ್ಲವೆ ಬಿರುದು ಹಾಕುತ್ತಾರೆ. ಮೊದಲ ವಾಕ್ಯದಲ್ಲಿ ‘ಮಿನಿಸ್ಟರ್’, ಎರಡನೆಯದರಲ್ಲಿ ‘ವೆಟರನ್ ಲೀಡರ್’, ಮೂರನೆಯದರಲ್ಲಿ ‘ಮೈಸೂರು ಎಂಎಲ್‌ಎ’ ಬಂದರೆ ಒಬ್ಬ ಮನುಷ್ಯ ಮೂವರಾಗಿ ಕಾಣುತ್ತಾನೆ. ಈ ಚಟವನ್ನು ಫೌಲರ್ ಸಹೋದರರು 1906ರಲ್ಲಿಯೇ ‘ದಿ ಕಿಂಗ್ಸ್ ಇಂಗ್ಲಿಷ್’ನಲ್ಲಿ ಗುರುತಿಸಿ ‘ಎಲಿಗೆಂಟ್ ವೇರಿಯೇಶನ್’ ಎಂದು ಹೆಸರಿಟ್ಟು ಖಂಡಿಸಿದ್ದರು. ‘ಫಾರ್ಮರ್’, ‘ಲ್ಯಾಟರ್’ ಎಂಬವೂ ಓದುಗರನ್ನು ಹಿಂದಿನ ಸಾಲಿಗೆ ಓಡಿಸುತ್ತವೆ. ಹೆಸರು ಬರೆದರೆ ಆ ಓಟ ತಪ್ಪುತ್ತದೆ.

ಎರಡನೆಯದು ನೇರ ಮಾತನ್ನು ನೇರವಾಗಿಯೇ ಉಳಿಸುವುದು. ರಮೇಶ, ಸುರೇಶರ ಉದಾಹರಣೆಗೆ ಉದ್ಧರಣ ಚಿಹ್ನೆಯೇ ಉತ್ತಮ ಮದ್ದು. ಇನ್‌ಡೈರೆಕ್ಟ್ ಸ್ಪೀಚ್ ಅನಿವಾರ್ಯವಾದರೆ ‘ರಮೇಶ್ ಕಂಗ್ರಾಚುಲೇಟೆಡ್ ಸುರೇಶ್ ಆನ್ ಪಾಸಿಂಗ್’ ಎಂದು ಕ್ರಿಯಾಪದ ಬದಲಿಸಬಹುದು. ‘ಪ್ರಾಮಿಸ್ಡ್ ಸುರೇಶ್ ಟು ಕಮ್’ ಎಂದರೆ ಬರುವವನು ಮಾತು ಕೊಟ್ಟವನು, ‘ಆಸ್ಕ್ಡ್ ಸುರೇಶ್ ಟು ಕಮ್’ ಎಂದರೆ ಬರುವವನು ಸುರೇಶ. ಎರಡರಲ್ಲಿಯೂ ‘ಹಿ’ ಬೇಕಿಲ್ಲ. ಮೂರನೆಯದು ಇಬ್ಬರಲ್ಲಿ ಒಬ್ಬರನ್ನು ಬಹುವಚನಕ್ಕೆ ತರುವುದು. ‘ಎ ಟೀಚರ್ ಶುಡ್ ಟೆಲ್ ಎ ಸ್ಟೂಡೆಂಟ್ ವೆನ್ ಶಿ ಈಸ್ ಲೇಟ್’ ಎಂಬಲ್ಲಿ ತಡವಾದದ್ದು ಯಾರಿಗೆಂದು ತಿಳಿಯದು. ‘ಟೀಚರ್ಸ್ ಶುಡ್ ಟೆಲ್ ಎ ಸ್ಟೂಡೆಂಟ್ ವೆನ್ ಶಿ ಈಸ್ ಲೇಟ್’ ಎಂದರೆ ತಿಳಿಯುತ್ತದೆ.

ನಾಲ್ಕನೆಯದು ‘ದಿಸ್’ ಮತ್ತು ‘ವಿಚ್’ಗಳಿಗೆ ಸಂಬಂಧಿಸಿದ್ದು. ಸಂಶೋಧನಾ ಪ್ರಬಂಧಗಳಲ್ಲಿ ಇದು ಹೆಚ್ಚು. ‘ದಿ ಬೋರ್ಡ್ ಕಟ್ ದಿ ಸಬ್ಸಿಡಿ ಆ್ಯಂಡ್ ರೈಸ್ಡ್ ದಿ ಫೀ. ದಿಸ್ ಆ್ಯಂಗರ್ಡ್ ದಿ ಫಾರ್ಮರ್ಸ್’ ಎಂಬಲ್ಲಿ ರೈತರು ಸಿಟ್ಟಾದದ್ದು ಸಬ್ಸಿಡಿ ಕಡಿತಕ್ಕೋ, ಶುಲ್ಕದ ಏರಿಕೆಗೋ, ಎರಡಕ್ಕೋ? ‘ದಿಸ್’ನ ಪಕ್ಕ ‘ಕಟ್’ ಅಥವಾ ‘ಇನ್‌ಕ್ರೀಸ್’ ಎಂಬ ಒಂದು ನಾಮಪದ ಇಟ್ಟರೆ ಪ್ರಶ್ನೆ ಏಳುವುದಿಲ್ಲ. ವಾಕ್ಯದ ಕೊನೆಗೆ ಅಲ್ಪವಿರಾಮ ಹಾಕಿ ‘ವಿಚ್ ವಾಸ್ ಅನ್‌ಫಾರ್ಚುನೇಟ್’ ಎಂದು ಸೇರಿಸುವಾಗಲೂ ದುರದೃಷ್ಟಕರವಾದದ್ದು ಇಡೀ ಘಟನೆಯೋ ಕೊನೆಯ ನಾಮಪದವೋ ಎಂದು ಕೇಳಿಕೊಳ್ಳಬೇಕು.

ಇವೆಲ್ಲವನ್ನೂ ಕಲಿಸಲು ಹೊಸ ಪಠ್ಯಪುಸ್ತಕವೇನೂ ಬೇಕಿಲ್ಲ. ತರಗತಿಯಲ್ಲಿ ಮಕ್ಕಳು ತಾವು ಬರೆದ ಪ್ಯಾರಾವನ್ನು ಪಕ್ಕದವರಿಗೆ ಕೊಡಲಿ. ಓದಿದವರು ಪ್ರತಿ ‘ಹಿ’, ‘ಶಿ’, ‘ಇಟ್’, ‘ದೇ’, ‘ದಿಸ್’ನಿಂದ ಅದರ ನಾಮಪದಕ್ಕೆ ಪೆನ್ಸಿಲಿನಲ್ಲಿ ಬಾಣ ಎಳೆಯಲಿ. ಬಾಣ ಎರಡು ಕಡೆ ಹೋಗುವಂತಿದ್ದರೆ, ಎಲ್ಲಿಗೂ ಮುಟ್ಟದಿದ್ದರೆ, ಬರೆದವರು ಆ ವಾಕ್ಯವನ್ನು ತಿದ್ದಲಿ. ಬರೆದವರಿಗೆ ಕಾಣದ ತಪ್ಪು ಪಕ್ಕದ ಬೆಂಚಿನವರಿಗೆ ಕಂಡೇ ಕಾಣುತ್ತದೆ. ಪರೀಕ್ಷೆ ನಡೆಸುವವರು ಮಾಡಬೇಕಾದ ಬದಲಾವಣೆಯೂ ಸಣ್ಣದು: ಇನ್‌ಡೈರೆಕ್ಟ್ ಸ್ಪೀಚಿನ ಉತ್ತರದಲ್ಲಿ ಅರ್ಥ ಸ್ಪಷ್ಟವಾಗಲೆಂದು ‘ಹಿ’ಯ ಬದಲು ‘ಸುರೇಶ್’ ಎಂದು ಬರೆದ ವಿದ್ಯಾರ್ಥಿಯ ಅಂಕ ಕಳೆಯಬಾರದು, ಹಾಗೆ ಬರೆದದ್ದಕ್ಕೇ ಅಂಕ ಕೊಡಬೇಕು. ಪಠ್ಯಕ್ರಮ ಸಮಿತಿಗಳಲ್ಲಿ, ಮೌಲ್ಯಮಾಪನ ಕೇಂದ್ರಗಳಲ್ಲಿ ಕುಳಿತುಕೊಳ್ಳುವ ಅಧ್ಯಾಪಕರು ಈ ಸಭೆಯಲ್ಲಿಯೂ ಇದ್ದಾರೆ. ಮುಂದಿನ ಮಾದರಿ ಉತ್ತರಪತ್ರಿಕೆ ಸಿದ್ಧವಾಗುವಾಗ ಈ ಒಂದು ಸೂಚನೆಯನ್ನು ಅವರು ಸೇರಿಸಿದರೆ ಈ ಉಪನ್ಯಾಸದ ಉದ್ದೇಶ ಈಡೇರುತ್ತದೆ.